ಆಡುವವರು, ಆಟ ಕಟ್ಟುವವರು

ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ನಮ್ಮ ವಿದ್ಯಾರ್ಥಿಗಳು ಗುಂಪುಗೂಡಿ ಆಡಿಕೊಳ್ಳುವ ಮಾತಿನಲ್ಲಿ ಅರ್ಧಪಾಲು ಮೊಬೈಲಿನ ಆಟಗಳ ವಿಷಯವೇ ಆಗಿರುತ್ತದೆ. ಯಾರು ಎಷ್ಟನೆಯ ಲೆವೆಲ್ ದಾಟಿದರು, ಯಾರ ಬಳಿ ಎಂಥ ಕಾರು ಇದೆ, ಯಾರು ಯಾರನ್ನು ಸೋಲಿಸಿದರು ಎಂಬುದೇ ಚರ್ಚೆ. ಇದನ್ನು ಕಂಡು ಮನೆಯ ಹಿರಿಯರು ಸಿಡಿಮಿಡಿಗೊಳ್ಳುವರು. ಕಿರಿಯರು ಹಿರಿಯರಿಗೇನು ಗೊತ್ತು ಎಂದು ಮುಖ ತಿರುಗಿಸುವರು. ಈ ಜಗಳದಲ್ಲಿ ಒಂದು ಪಕ್ಷ ವಹಿಸಿ ಬರೆಯುವುದು ನನ್ನ ಉದ್ದೇಶವಲ್ಲ. ಎರಡು ಪಕ್ಷದವರೂ ಕೇಳದೆ ಬಿಟ್ಟಿರುವ ಪ್ರಶ್ನೆಯೊಂದಿದೆ. ಈ ಆಟಗಳನ್ನು ಕಟ್ಟಿದವರು ಯಾರು? ಕಟ್ಟಿದ ಮೇಲೆ ಅವು ಯಾರ ಸೊತ್ತಾದವು?

ಪುಸ್ತಕ ಓದಿದರೆ ಬರೆದವರ ಹೆಸರನ್ನು ಕೇಳುತ್ತೇವೆ. ಸಿನಿಮಾ ನೋಡಿದರೆ ನಿರ್ದೇಶಕನಾರು, ಹಾಡಿದವರಾರು ಎಂದು ವಿಚಾರಿಸುತ್ತೇವೆ. ಆಟದ ವಿಷಯದಲ್ಲಿ ಮಾತ್ರ ಅದು ತಾನಾಗಿಯೇ ಹುಟ್ಟಿತೆಂಬಂತೆ ನಡೆದುಕೊಳ್ಳುತ್ತೇವೆ. ವಾಸ್ತವವಾಗಿ ಒಂದು ದೊಡ್ಡ ವಿಡಿಯೋ ಆಟದ ಹಿಂದೆ ಚಿತ್ರಕಾರರು, ಪ್ರೋಗ್ರಾಂ ಬರೆಯುವವರು, ಸಂಗೀತಗಾರರು, ಕಥೆಗಾರರು, ತಪ್ಪು ಹುಡುಕುವ ಪರೀಕ್ಷಕರು ಹೀಗೆ ನೂರಾರು ಮಂದಿಯ ವರ್ಷಗಟ್ಟಲೆಯ ದುಡಿಮೆ ಇರುತ್ತದೆ. ಇವರೆಲ್ಲ ಒಟ್ಟುಗೂಡಿ ದುಡಿಯುವ ಸಂಸ್ಥೆಗೆ ಗೇಮ್ ಸ್ಟುಡಿಯೋ ಎಂದು ಹೆಸರು. ನಮ್ಮ ದೇಶದಲ್ಲಿ ಈ ಕಸಬಿನ ಹಾದಿ ಕಡಿದ ಮೊದಲಿಗರಲ್ಲೊಂದು ಬೆಂಗಳೂರಿನ ‘ಧ್ರುವ ಇಂಟರ್‍ಯಾಕ್ಟಿವ್’. ಅದರ ಏಳುಬೀಳುಗಳಲ್ಲಿ ನಮಗೆಲ್ಲ ಒಂದು ಪಾಠವಿದೆ ಎಂದು ನನ್ನ ನಂಬಿಕೆ.

ಧ್ರುವ ಇಂಟರ್‍ಯಾಕ್ಟಿವ್ ಸಂಸ್ಥೆಯನ್ನು 1997ರಲ್ಲಿ ರಾಜೇಶ್ ರಾವ್ ಎಂಬವರು ಸ್ಥಾಪಿಸಿದರು. ಆ ಕಾಲವನ್ನು ಸ್ವಲ್ಪ ಕಲ್ಪಿಸಿಕೊಳ್ಳಿರಿ. ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತು ಎರಡು ವರ್ಷವಾಗಿತ್ತಷ್ಟೆ. 1995ರ ಆಗಸ್ಟ್ 15ರಂದು ಅದು ಆರಂಭವಾಯಿತು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಬೆರಳೆಣಿಕೆಯ ಮಂದಿ. ಹಣ ಕೊಟ್ಟು ಆಟ ಕೊಳ್ಳುವ ರೂಢಿ ಇನ್ನೂ ಬೆಳೆದಿರಲಿಲ್ಲ. ಕಳ್ಳಪ್ರತಿಗಳು ಅಗ್ಗವಾಗಿ ದೊರೆಯುತ್ತಿದ್ದುವು. ಇಂಥ ಸಮಯದಲ್ಲಿ ಆಟಗಳನ್ನು ರಚಿಸಿ ಜೀವನ ಮಾಡುತ್ತೇನೆಂದು ಹೊರಡುವುದು ಮಳೆಯಿಲ್ಲದ ಸೀಮೆಯಲ್ಲಿ ಭತ್ತ ಬಿತ್ತಿದಂತೆ. ಕೊಳ್ಳುವವರು ಊರಿನಲ್ಲಿಲ್ಲವಾದ ಮೇಲೆ ಹೊರನಾಡಿನಲ್ಲಿ ಹುಡುಕಬೇಕಾಯಿತು. ಫ್ರಾನ್ಸ್ ದೇಶದ ಇನ್ಫೋಗ್ರಾಮ್ಸ್ ಮೊದಲಾದ ಪರದೇಶದ ಪ್ರಕಾಶಕರಿಂದ ಕೆಲಸ ಪಡೆದು ಸಂಸ್ಥೆ ಮೆಲ್ಲನೆ ಕಾಲೂರಿತು. ಮುಂದೆ ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಕಾರು ಪಂದ್ಯದ ಆಟಗಳಿಗೆ ಕಾರುಗಳನ್ನು ರಚಿಸಿಕೊಟ್ಟಿತು. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲಾಟ್’ ಎಂಬ ಪ್ರಸಿದ್ಧ ಗ್ರಂಥದಲ್ಲಿ ಈ ಸಂಸ್ಥೆಯ ವಿಷಯ ಬಂದಿದೆ.

ಕಾರು ರಚಿಸುವುದೆಂದರೇನೆಂದು ನೀವು ಕೇಳಬಹುದು. ಪರದೆಯ ಮೇಲೆ ಓಡುವ ಕಾರು ಒಂದು ಚಿತ್ರವಲ್ಲ. ಅದು ಸಾವಿರಾರು ಪುಟ್ಟ ತ್ರಿಕೋನಗಳನ್ನು ಹೆಣೆದು ಮಾಡಿದ ಒಂದು ಬಲೆ. ನಿಜವಾದ ಕಾರಿನ ಭಾವಚಿತ್ರಗಳನ್ನೂ ಅಳತೆಗಳನ್ನೂ ಮುಂದಿಟ್ಟುಕೊಂಡು, ಬಾಗಿಲಿನ ಬಾಗು, ದೀಪದ ಗಾಜು, ಚಕ್ರದ ಕಡ್ಡಿ ಎಲ್ಲವನ್ನೂ ಆ ಬಲೆಯಲ್ಲಿ ಮೂಡಿಸಬೇಕು. ಒಂದೊಂದು ತ್ರಿಕೋನದ ಒಂದೊಂದು ಮೂಲೆಗೂ ಮೂರು ಅಂಕಿಗಳಿರುತ್ತವೆ: ಅಡ್ಡ ಎಷ್ಟು, ಎತ್ತರ ಎಷ್ಟು, ಆಳ ಎಷ್ಟು. ಆಮೇಲೆ ಬಲೆಗೆ ಬಣ್ಣದ ಹೊದಿಕೆ ಹೊದಿಸಬೇಕು. ಬಿಸಿಲು ಬಿದ್ದಾಗ ತಗಡು ಹೇಗೆ ಹೊಳೆಯಬೇಕು, ರಬ್ಬರು ಹೇಗೆ ಮಂಕಾಗಿರಬೇಕು ಎಂಬುದನ್ನು ಗೊತ್ತುಮಾಡಬೇಕು. ಆಟ ನಡೆಯುವಾಗ ಕಂಪ್ಯೂಟರು ಇದನ್ನೆಲ್ಲ ಸೆಕೆಂಡಿಗೆ 60 ಬಾರಿ ಹೊಸದಾಗಿ ಬರೆಯಬೇಕಾದರೆ, ಒಂದು ಚಿತ್ರಕ್ಕೆ ಸಿಕ್ಕುವ ಕಾಲ ಸೆಕೆಂಡಿನ ಅರವತ್ತನೆಯ ಒಂದು ಪಾಲು. ಆದುದರಿಂದ ತ್ರಿಕೋನಗಳು ಮಿತಿಮೀರಿದರೆ ಆಟ ಕುಂಟುತ್ತದೆ. ಕಡಮೆಯಾದರೆ ಕಾರು ಮೊಂಡಾಗಿ ಕಾಣುತ್ತದೆ. ಈ ಹದವನ್ನು ಬಲ್ಲವನೇ ಕುಶಲಿ. ಬೆಂಗಳೂರಿನ ತರುಣರು ಈ ಹದವನ್ನು ಕಲಿತರು, ಇತರರಿಗೆ ಕಲಿಸಿದರು. ಒಂದು ಕಸಬಿಗೆ ನಮ್ಮ ನೆಲದಲ್ಲಿ ಬೇರು ಬಿಡಿಸಿದ ಈ ಸೇವೆ ಸಾಮಾನ್ಯವಾದುದಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 2016ರ ಡಿಸೆಂಬರಿನಲ್ಲಿ ಸ್ವೀಡನ್ ದೇಶದ ಸ್ಟಾರ್‌ಬ್ರೀಜ್ ಎಂಬ ಸಂಸ್ಥೆ ಧ್ರುವದ ಬಹುಪಾಲನ್ನು ಕೊಳ್ಳುವುದಾಗಿ ಸಾರಿತು. ಆ ವೇಳೆಗೆ ಧ್ರುವದಲ್ಲಿ 300ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ, 2018ರ ಡಿಸೆಂಬರಿನಲ್ಲಿ, ಕೊಂಡ ಸಂಸ್ಥೆಯೇ ಹಣದ ಮುಗ್ಗಟ್ಟಿಗೆ ಸಿಕ್ಕಿ ನ್ಯಾಯಾಲಯದ ರಕ್ಷಣೆ ಬೇಡಿತು. ಕೈಗೆ ಕಾಸು ಬೇಕಾದಾಗ ಮನೆಯ ಒಡವೆ ಮಾರುವಂತೆ, 2019ರ ಮೇ ತಿಂಗಳಲ್ಲಿ ಅದು ಧ್ರುವವನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಗೆ 79 ಲಕ್ಷ ಡಾಲರಿಗೆ ಮಾರಿತು. ರಾಕ್‌ಸ್ಟಾರಿನವರು 2016ರಲ್ಲಿಯೇ ಬೆಂಗಳೂರಿನಲ್ಲಿ ತಮ್ಮ ಶಾಖೆ ತೆರೆದಿದ್ದರು. ಧ್ರುವದ ಜನ ಆ ಶಾಖೆಯಲ್ಲಿ ಸೇರಿಹೋದರು. ಇಪ್ಪತ್ತೆರಡು ವರ್ಷ ಬಾಳಿದ ಹೆಸರು ಅಲ್ಲಿಗೆ ಅಳಿಸಿತು. ಧ್ರುವನಕ್ಷತ್ರ ಕದಲುವುದಿಲ್ಲವೆಂದು ನಾವು ಪಾಠ ಹೇಳುತ್ತೇವೆ. ಮಾರುಕಟ್ಟೆಯ ಆಕಾಶದಲ್ಲಿ ಅದಕ್ಕೂ ಆ ಭರವಸೆಯಿಲ್ಲ.

ಇದನ್ನು ದುರಂತವೆಂದು ಅಳಬೇಕೆ? ಹಾಗೆ ನಾನು ಹೇಳಲಾರೆ. ಅಲ್ಲಿ ದುಡಿಯುತ್ತಿದ್ದವರು ಇನ್ನೂ ದೊಡ್ಡ ಸಂಸ್ಥೆಯೊಂದರ ಭಾಗವಾದರು. ಬೆಂಗಳೂರಿಗೆ ಕೆಲಸ ಇನ್ನೂ ಹೆಚ್ಚಾಗಿ ಬಂದಿತು. ಆದರೆ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಇಳಕಲ್ಲು, ಬನಹಟ್ಟಿಗಳ ಕಡೆ ಕೂಲಿ ನೇಕಾರರೆಂಬವರಿದ್ದಾರೆ. ನೂಲು ಸಾಹುಕಾರನದು, ಮಾದರಿ ಸಾಹುಕಾರನದು. ಕೈ ಮಾತ್ರ ನೇಕಾರನದು. ಸೀರೆ ಎಷ್ಟೇ ಸೊಗಸಾಗಿ ಬರಲಿ, ಅದು ಮಗ್ಗದಿಂದ ಇಳಿದೊಡನೆ ನೇಕಾರನಿಗೂ ಸೀರೆಗೂ ಸಂಬಂಧವಿಲ್ಲ. ಪೇಟೆಯಲ್ಲಿ ಸೀರೆಗೆ ಬೆಲೆ ಏರಿದರೆ ಅವನ ಕೂಲಿ ಏರುವುದಿಲ್ಲ. ಸಾಹುಕಾರ ಮುಳುಗಿದರೆ ಮಾತ್ರ ಅವನೂ ಮುಳುಗುವನು. ಧ್ರುವ ಬಹುಕಾಲ ಮಾಡಿದುದು ಇಂಥ ಕೂಲಿ ನೇಯ್ಗೆಯನ್ನೇ. ಕಾರು ಅದರದು, ಕಾರು ಓಡುವ ರಸ್ತೆ, ಪಂದ್ಯದ ಕಥೆ, ಆಟದ ಹೆಸರು, ಮಾರಿ ಬಂದ ಲಾಭ ಬೇರೆಯವರವು.

ಸಾಹುಕಾರ ಮುಳುಗಿದರೆ ಏನಾಗುವುದೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದಿದೆ. 2025ರ ಫೆಬ್ರವರಿಯಲ್ಲಿ ಪ್ಯಾರಿಸಿನ ಟೆಕ್ನಿಕಲರ್ ಸಂಸ್ಥೆ ಕುಸಿದುಬಿದ್ದಾಗ, ಪರದೇಶದ ಸಿನಿಮಾಗಳಿಗೆ ಕಂಪ್ಯೂಟರಿನಲ್ಲಿ ದೃಶ್ಯಗಳನ್ನು ರಚಿಸುತ್ತಿದ್ದ ಅದರ ಬೆಂಗಳೂರಿನ ಸ್ಟುಡಿಯೋಗೂ ಬೀಗ ಬಿದ್ದಿತು. ಕೆಲಸದಲ್ಲಿ ಯಾವ ಲೋಪವೂ ಇಲ್ಲದ ಸಾವಿರಾರು ಮಂದಿ ಕುಶಲಿಗಳು ಕೆಲಸ ಕಳೆದುಕೊಂಡರು. ಅವರ ಕೈಯಲ್ಲಿ ವಿದ್ಯೆಯಿತ್ತು, ಒಡೆತನವಿರಲಿಲ್ಲ.

ಈಗ ಧ್ರುವವನ್ನು ಕೊಂಡ ರಾಕ್‌ಸ್ಟಾರಿನ ಬೇರನ್ನು ಹುಡುಕಿ ಹೋಗೋಣ. ಅದರ ಅತ್ಯಂತ ದೊಡ್ಡ ಆಟ ಹುಟ್ಟಿದುದು ನ್ಯೂಯಾರ್ಕಿನಲ್ಲಲ್ಲ, ಸ್ಕಾಟ್ಲೆಂಡಿನ ಡಂಡೀ ಎಂಬ ಮಧ್ಯಮ ಗಾತ್ರದ ಊರಿನಲ್ಲಿ. ಒಂದು ಕಾಲಕ್ಕೆ ಬಂಗಾಳದಿಂದ ಹಡಗಿನಲ್ಲಿ ಹೋದ ಸೆಣಬನ್ನು ನೂತು ಬಾಳಿದ ಊರು ಅದು. ಸೆಣಬಿನ ಗಿರಣಿಗಳು ಸೊರಗಿದ ಮೇಲೆ ಅಲ್ಲಿ ಟೈಮೆಕ್ಸ್ ಎಂಬ ಗಡಿಯಾರದ ಕಾರ್ಖಾನೆ ಇತ್ತು. 1980ರ ದಶಕದಲ್ಲಿ ಆ ಕಾರ್ಖಾನೆ ಸಿಂಕ್ಲೇರ್ ಎಂಬ ಅಗ್ಗದ ಮನೆ ಕಂಪ್ಯೂಟರುಗಳನ್ನು ತಯಾರಿಸಿತು. ಊರಿನ ಹುಡುಗರ ಕೈಗೆ ಆ ಯಂತ್ರಗಳು ಬಂದುವು. ಹುಡುಗರು ಸಂಘ ಕಟ್ಟಿಕೊಂಡು ಪ್ರೋಗ್ರಾಂ ಬರೆಯತೊಡಗಿದರು. ಅವರಲ್ಲೊಬ್ಬ, ಅದೇ ಕಾರ್ಖಾನೆಯಲ್ಲಿ ದುಡಿದಿದ್ದ ಡೇವಿಡ್ ಜೋನ್ಸ್, 1987ರಲ್ಲಿ ಡಿ.ಎಂ.ಎ. ಡಿಸೈನ್ ಎಂಬ ಸ್ಟುಡಿಯೋ ತೆರೆದನು. 1991ರಲ್ಲಿ ‘ಲೆಮ್ಮಿಂಗ್ಸ್’, 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಅಲ್ಲಿಂದ ಹೊರಬಂದುವು. ಈ ಸ್ಟುಡಿಯೋ ಕೂಡ ಮುಂದೆ ಕೈ ಬದಲಾಯಿಸಿ, ಎಡಿನ್‌ಬರೋ ನಗರಕ್ಕೆ ಸ್ಥಳಾಂತರಗೊಂಡು, 2002ರಲ್ಲಿ ರಾಕ್‌ಸ್ಟಾರ್ ನಾರ್ತ್ ಎಂಬ ಹೆಸರು ತಳೆಯಿತು.

ಆ ಎರಡನೆಯ ಆಟ ಹದಿನೆಂಟು ತುಂಬಿದವರಿಗಾಗಿ ಮಾಡಿದುದು. ಅದರಲ್ಲಿ ಕ್ರೌರ್ಯವೂ ಅಶ್ಲೀಲವೂ ಉಂಟು. ಅದನ್ನು ನೀವು ಆಡಬೇಕೆಂದು ನಾನು ಹೇಳುತ್ತಿಲ್ಲ, ಆಡಬಾರದೆಂದೇ ಹೇಳುತ್ತೇನೆ. ನಾನು ನೋಡುವುದು ಬೇರೆ. 1997ನೆಯ ವರ್ಷವನ್ನು ಗಮನಿಸಿರಿ. ಡಂಡೀಯಿಂದ ಆ ಆಟ ಹೊರಬಿದ್ದುದೂ ಬೆಂಗಳೂರಿನಲ್ಲಿ ಧ್ರುವ ಹುಟ್ಟಿದುದೂ ಒಂದೇ ವರ್ಷ. ಡಂಡೀಯ ಸ್ಟುಡಿಯೋ ಮಾರಾಟವಾದರೂ ತನ್ನದೇ ಆಟವೊಂದನ್ನು ಹೊತ್ತು ಹೋಯಿತು. ಆದುದರಿಂದ ಅದರ ಮಾತಿಗೆ ಬೆಲೆ ಉಳಿಯಿತು. 2013ರಲ್ಲಿ ಹೊರಬಂದ ಅದರ ಐದನೆಯ ಆಟದ 20 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಧ್ರುವ ಮಾರಾಟವಾದಾಗ ತನ್ನೊಡನೆ ಒಯ್ದುದು ಕುಶಲ ಕೈಗಳನ್ನು ಮಾತ್ರ. ವ್ಯತ್ಯಾಸ ಬುದ್ಧಿಯದಲ್ಲ, ಶ್ರಮದ್ದಂತೂ ಅಲ್ಲವೇ ಅಲ್ಲ. ಒಬ್ಬರಿಗೆ ಕೊಳ್ಳುವ ನೆರೆಹೊರೆಯಿತ್ತು, ಮತ್ತೊಬ್ಬರಿಗಿರಲಿಲ್ಲ. ಒಬ್ಬರು ತಮ್ಮ ಕಲ್ಪನೆಯನ್ನು ಮಗ್ಗಕ್ಕೇರಿಸಿದರು, ಮತ್ತೊಬ್ಬರು ಬದುಕಿಗಾಗಿ ಬೇರೆಯವರ ಕಲ್ಪನೆಯನ್ನು ನೇಯ್ದರು.

ಡಂಡೀಯ ಕಥೆ ಹೇಳಿದುದಕ್ಕೆ ಇನ್ನೊಂದು ಕಾರಣವಿದೆ. ಕಾರ್ಖಾನೆಯ ಮಗ್ಗುಲಲ್ಲಿ ಬೆಳೆದ ಮಕ್ಕಳು ಎಂದಾಗ ನನಗೆ ನೆನಪಾಗುವುದು ನಮ್ಮ ಕುಷಾಯಿಗೂಡವೇ. ಇಲ್ಲಿಂದ ಕೂಗಳತೆಯಲ್ಲಿರುವ ಇ.ಸಿ.ಐ.ಎಲ್. ಕಾರ್ಖಾನೆಯನ್ನು ನೀವು ದಿನವೂ ಬಸ್ಸಿನ ಹಲಗೆಯ ಮೇಲೆ ಓದುತ್ತೀರಿ. 1967ರಲ್ಲಿ ಡಾ. ಎ. ಎಸ್. ರಾವ್ ಅವರ ನೇತೃತ್ವದಲ್ಲಿ ಅದು ಆರಂಭವಾಯಿತು, ಪಕ್ಕದ ಎ. ಎಸ್. ರಾವ್ ನಗರ ಅವರ ಹೆಸರಿನದೇ. ಟ್ರಾಂಬೆಯ ವಿಜ್ಞಾನಿಗಳು ರೂಪಿಸಿದ ಟಿ.ಡಿ.ಸಿ. ಎಂಬ ಮಾಲೆಯ ಕಂಪ್ಯೂಟರುಗಳನ್ನು ಈ ಕಾರ್ಖಾನೆ ತಯಾರಿಸಿ ದೇಶಕ್ಕೆ ಕೊಟ್ಟಿತು. ನಮ್ಮ ದೇಶದ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಇದೂ ಒಂದು. ಮತ್ತೊಂದು ಬೆಂಗಳೂರಿನ ಬಿ.ಇ.ಎಲ್. ಆದರೆ ಡಂಡೀಯಲ್ಲಿ ಯಂತ್ರವು ಮಕ್ಕಳ ಕೈ ಸೇರಿತು. ಇಲ್ಲಿ ಅದು ಹಾಗೆ ಮಕ್ಕಳ ಕೈ ಸೇರಲಿಲ್ಲ. ಈಗ ಕಾಲ ಬದಲಾಗಿದೆ. ಆ ದಿನಗಳ ಕಂಪ್ಯೂಟರಿಗಿಂತ ಎಷ್ಟೋ ಪಾಲು ಬಲವಾದ ಯಂತ್ರ ನಿಮ್ಮ ತಂದೆಯವರ ಜೇಬಿನಲ್ಲಿದೆ. ಅದರಲ್ಲಿ ಬರಿಯ ಆಟ ಆಡುತ್ತೀರೋ, ಆಟ ಕಟ್ಟುವುದನ್ನೂ ಕಲಿಯುತ್ತೀರೋ ಎಂಬುದೇ ಪ್ರಶ್ನೆ.

ಕಟ್ಟಲು ನಮ್ಮಲ್ಲಿ ಏನಿದೆ ಎಂದು ಕೆಲವರು ಕೇಳಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಹೊಸ ಮಣೆಯಾಟಗಳನ್ನೂ ಗಂಜೀಫಾ ಎಂಬ ಬಣ್ಣದ ಎಲೆಗಳ ಆಟಗಳನ್ನೂ ರೂಪಿಸಿದರು. ಅವರು ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ಒಂದು ಭಾಗವಿದೆ. ಅವರು ತೀರಿಕೊಂಡ ಇಪ್ಪತ್ತೊಂದು ವರ್ಷಗಳ ಬಳಿಕ, 1889ರಲ್ಲಿ, ಜಪಾನಿನ ಕ್ಯೋಟೋ ನಗರದಲ್ಲಿ ಒಂದು ಚಿಕ್ಕ ಅಂಗಡಿ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ಕೈಯಿಂದ ತಯಾರಿಸತೊಡಗಿತು. ಆ ಅಂಗಡಿಯೇ ಮಾರಿಯೋ ಎಂಬ ಮೀಸೆಯ ಕೆಲಸಗಾರನನ್ನು ಲೋಕಕ್ಕೆಲ್ಲ ಪರಿಚಯಿಸಿದ ಇಂದಿನ ನಿಂಟೆಂಡೋ. ಅವರ ಎಲೆಗಳು ಪರದೆಯೇರಿದುವು. ನಮ್ಮ ಗಂಜೀಫಾ ಗಾಜಿನ ಪೆಟ್ಟಿಗೆಯೊಳಗೆ ಕುಳಿತಿತು. ನಮ್ಮ ಪಗಡೆಯ ಕಥೆಯೂ ಅಷ್ಟೆ. ಇಂಗ್ಲೆಂಡಿನವರು 1896ರಲ್ಲಿ ಅದನ್ನು ಸರಳಗೊಳಿಸಿ ಲೂಡೋ ಎಂದು ಪೇಟೆಂಟ್ ಪಡೆದರು. ನಾವು ಅದನ್ನು ಅಂಗಡಿಯಲ್ಲಿ ಕೊಂಡು ತಂದು ಆಡಿದೆವು.

ಆದರೆ ನಿರಾಶೆಗೆ ಕಾರಣವಿಲ್ಲ. 2016ರಲ್ಲಿ ನವಿ ಮುಂಬಯಿಯ ಒಂದು ಸಣ್ಣ ಸ್ಟುಡಿಯೋ ಆ ಲೂಡೋವನ್ನೇ ಮೊಬೈಲಿಗೆ ತಂದು ‘ಲೂಡೋ ಕಿಂಗ್’ ಎಂದು ಹೆಸರಿಟ್ಟಿತು. 2020ರ ಲಾಕ್‌ಡೌನಿನಲ್ಲಿ ಅದನ್ನು ಆಡದ ಮನೆ ಅಪರೂಪ. ಅದೇ ವರ್ಷ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಪುಟ್ಟ ಸ್ಟುಡಿಯೋ ‘ರಾಜಿ’ ಎಂಬ ಆಟ ಹೊರತಂದಿತು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯೊಬ್ಬಳ ಕಥೆ ಅದು. 2017ರಲ್ಲಿ ಅವರು ಜನರಿಂದ ಹಣ ಕೂಡಿಸಲು ಹೋಗಿ ವಿಫಲರಾಗಿದ್ದರು. ಛಲ ಬಿಡದೆ ಮೂರು ವರ್ಷ ದುಡಿದು ಮುಗಿಸಿದರು. ಕಥೆ ಹೇಳುವ ಭಾಗಗಳನ್ನು ಅವರು ತೊಗಲುಬೊಂಬೆಯಾಟದ ರೀತಿಯಲ್ಲಿ ಮಾಡಿದ್ದಾರೆ. ಬೆಳಕು, ಪರದೆ, ಪರದೆಯ ಮೇಲೆ ಚಲಿಸುವ ಬಣ್ಣದ ಬೊಂಬೆ ಇವು ನಮ್ಮ ಕರ್ನಾಟಕದ ಹಳ್ಳಿಗಳಿಗೆ ಹೊಸವೇ? ಕಿಳ್ಳೇಕ್ಯಾತನ ಚೇಷ್ಟೆಗೆ ನಕ್ಕ ಜನ ನಾವು. ಆ ಕಿಳ್ಳೇಕ್ಯಾತ ಮೊಬೈಲಿನ ಪರದೆಯಲ್ಲಿ ಓಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇಲ್ಲಿ ಹಿರಿಯರ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಆಟದ ಗೀಳು ಕೆಟ್ಟದ್ದು ಎಂಬ ಅವರ ಮಾತು ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಮಿತಿಮೀರಿದ ಆಟದ ಗೀಳನ್ನೂ ಸೇರಿಸಿದೆ. ಹಣ ಕಟ್ಟಿ ಆಡುವ ಆಟವಂತೂ ಆಟವಲ್ಲ, ಜೂಜು. ನಮ್ಮ ತೆಲಂಗಾಣದಲ್ಲಿ 2017ರಲ್ಲಿಯೇ ಅಂಥ ಇಂಟರ್‌ನೆಟ್ ಆಟಗಳನ್ನು ಕಾನೂನು ನಿಷೇಧಿಸಿತು. 2025ರಲ್ಲಿ ಕೇಂದ್ರದ ಸಂಸತ್ತೂ ಹಣದಾಟಗಳ ವಿರುದ್ಧ ಕಾಯಿದೆ ಮಾಡಿತು. ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಆದರೆ ಪಗಡೆಯಿಂದ ರಾಜ್ಯ ಹೋಯಿತೆಂದು ಮರಗೆಲಸದವನು ಮಣೆ ಮಾಡುವುದನ್ನು ಬಿಡಲಿಲ್ಲ. ಗೀಳಿಗೆ ಒಳ್ಳೆಯ ಮದ್ದುಗಳಲ್ಲಿ ಒಂದು, ಆಟದ ಒಳಗನ್ನು ತಿಳಿಯುವುದು. ಒಂದು ಆಟ ನಿಮ್ಮನ್ನು ಮತ್ತೆ ಮತ್ತೆ ಕರೆಯುವಂತೆ ಹೇಗೆ ಹೆಣೆದಿದ್ದಾರೆಂಬುದು ತಿಳಿದರೆ, ಅದರ ಬಲೆಯಿಂದ ಹೊರಗೆ ನಿಂತು ನೋಡುವ ಶಕ್ತಿ ಬರುತ್ತದೆ. ಗಾರುಡಿಗನ ಗುಟ್ಟು ತಿಳಿದವನು ಬೆರಗಾಗಿ ಜೇಬು ಖಾಲಿ ಮಾಡಿಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ನಿಮ್ಮದೇ. ಇದೆಲ್ಲ ಇಂಗ್ಲಿಷ್ ಶಾಲೆಯ ಮಕ್ಕಳಿಗೆ. ಕನ್ನಡದಲ್ಲಿ ಓದುವ ನಮಗೇನು ದಕ್ಕೀತು ಎಂದು ನಿಮ್ಮಲ್ಲಿ ಹಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತೀರಿ. ಹೈದರಾಬಾದಿನ ಒಂದು ಮೂಲೆಯಲ್ಲಿ ಕನ್ನಡ ಓದುವುದೇ ದಂಡವೆಂದು ಕೆಲವರು ನಿಮ್ಮ ಕಿವಿಯಲ್ಲಿ ಊದುತ್ತಲೂ ಇದ್ದಾರೆ. ನಾನೂ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿದವನು. ಆದುದರಿಂದ ಈ ಅಳುಕು ನನಗೆ ಹೊಸದಲ್ಲ. ಆದರೆ ಆ ಕಾರಿನ ತ್ರಿಕೋನಗಳನ್ನು ನೆನೆಯಿರಿ. ನಿಮ್ಮ ಗಣಿತ ಪುಸ್ತಕದ ನಿರ್ದೇಶಾಂಕಗಳು, ತ್ರಿಕೋನಮಿತಿ, ಅನುಪಾತಗಳು ಅಲ್ಲಿ ದುಡಿಯುತ್ತಿರುವುವು. ತ್ರಿಕೋನಕ್ಕೆ ಕನ್ನಡದಲ್ಲಿ ಕಲಿತರೂ ಮೂರೇ ಕೋನ. ಇಂಗ್ಲಿಷನ್ನು ಕಲಿಯಬೇಡಿರೆಂದು ನಾನು ಹೇಳೆನು. ಈ ಕಸಬಿನ ಕೈಪಿಡಿಗಳೆಲ್ಲ ಬಹುಮಟ್ಟಿಗೆ ಆ ಭಾಷೆಯಲ್ಲಿವೆ, ಕಲಿಯಲೇಬೇಕು. ಆದರೆ ಕೈಪಿಡಿ ಹೇಗೆ ಕಟ್ಟಬೇಕೆಂಬುದನ್ನು ಹೇಳುತ್ತದೆ. ಏನನ್ನು ಕಟ್ಟಬೇಕೆಂಬುದನ್ನು ಹೇಳುವುದಿಲ್ಲ. ಅದು ಬರುವುದು ಅಜ್ಜಿ ಹೇಳಿದ ಕಥೆಯಿಂದ, ಬೀದರಿನ ಕೋಟೆಯಿಂದ, ಊರ ಜಾತ್ರೆಯಿಂದ, ಜನರ ಮಾತಿನಿಂದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಆಡುವ ನಿಮಗೆ ಕಥೆಯ ಬಡತನವಿಲ್ಲ.

ಹಾಗಾದರೆ ಎಲ್ಲಿಂದ ಮೊದಲು? ಕಾಗದದಿಂದ. ಚೌಕಾಬಾರವನ್ನೋ ಅಳಿಗುಳಿ ಮಣೆಯನ್ನೋ ತೆಗೆದುಕೊಂಡು ಅದರ ಒಂದು ನಿಯಮವನ್ನು ಬದಲಾಯಿಸಿ ಆಡಿ ನೋಡಿರಿ. ಆಟ ಸೊಗಸಾಯಿತೆ, ಸಪ್ಪೆಯಾಯಿತೆ, ಏಕೆ ಎಂದು ಬರೆದಿಡಿರಿ. ಆಟ ರಚಿಸುವ ವಿದ್ಯೆಯ ಮೊದಲ ಪಾಠ ಇದೇ. ನಿಯಮಗಳನ್ನು ಹೊಸಬನಿಗೂ ಅರ್ಥವಾಗುವಂತೆ ತಿಳಿಗನ್ನಡದಲ್ಲಿ ಬರೆಯಲು ಯತ್ನಿಸಿರಿ. ಅದು ಎಷ್ಟು ಕಷ್ಟವೆಂಬುದು ಆಗ ಗೊತ್ತಾಗುತ್ತದೆ. ಚಿತ್ರಕಲೆಯ ತರಗತಿಯನ್ನು ಬಿಡುವಿನ ವೇಳೆಯೆಂದು ಎಣಿಸಬೇಡಿರಿ. ಕಂಪ್ಯೂಟರು ದೊರೆತಾಗ, ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆ ಮಕ್ಕಳಿಗೆಂದೇ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಎಂಬ ಸಾಧನವನ್ನು ತೆರೆಯಿರಿ. ಮುಂದೆ ಮೂರು ಆಯಾಮದ ಬೊಂಬೆ ಮಾಡಲು ‘ಬ್ಲೆಂಡರ್’ ಇದೆ. ಇವೆರಡಕ್ಕೂ ಒಂದು ಕಾಸು ಕೊಡಬೇಕಾದುದಿಲ್ಲ. ಇಂದು ಮಗ್ಗ ಪುಕ್ಕಟೆಯಾಗಿ ಸಿಕ್ಕುತ್ತದೆ. ಧ್ರುವ ಹುಟ್ಟಿದ ಕಾಲದಲ್ಲಿ ಈ ಅನುಕೂಲವಿರಲಿಲ್ಲ.

ನಮ್ಮ ಶಾಲೆಯ ಎಲ್ಲ ಮಕ್ಕಳೂ ಆಟ ಕಟ್ಟುವ ಕಸಬಿಗೆ ಹೋಗಬೇಕೆಂಬುದು ನನ್ನ ಆಶಯವಲ್ಲ. ನಿಮ್ಮಲ್ಲಿ ಕೆಲವರು ಆ ಕಡೆ ಹೋಗಬಹುದು; ಹೋದವರು ಮೊದಲು ಕೂಲಿ ನೇಯಬೇಕಾಗಿಯೂ ಬರಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ನೇಯುತ್ತಲೇ ನೇಯ್ಗೆ ಕಲಿಯುವುದು ಲೋಕದ ರೂಢಿ. ಆದರೆ ಕೂಲಿ ನೇಯುವಾಗಲೂ ತನ್ನದೊಂದು ಮಾದರಿ ಮನಸ್ಸಿನಲ್ಲಿರಲಿ. ನಾಳೆ ಮೊಬೈಲಿನಲ್ಲಿ ಹೊಸ ಆಟವೊಂದನ್ನು ತೆರೆದಾಗ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯನ್ನು ದಾಟಿಸದೆ ಒಮ್ಮೆ ಓದಿರಿ. ಅಲ್ಲಿ ನಮ್ಮ ಕಡೆಯ ಹೆಸರುಗಳು ಕಾಣಿಸುತ್ತವೆಯೇ, ಕಾಣಿಸಿದರೆ ಯಾವ ಕೆಲಸದ ಎದುರಿಗೆ ಎಂಬುದನ್ನು ನೋಡಿರಿ. ಬಣ್ಣ ಬಳಿದವರ ಸಾಲಿನಲ್ಲಿ ಇದ್ದರೆ ಸಂತೋಷಪಡಿರಿ. ಕಥೆ ಹೆಣೆದವರ ಸಾಲಿನಲ್ಲಿ ಇಲ್ಲದಿದ್ದರೆ ಏಕೆ ಇಲ್ಲವೆಂದು ಕೇಳಿಕೊಳ್ಳಿರಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವೇ.